ಬೋರಲಿಟ್ಟ ಫೋನು

ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಅವನ ಜೇಬಿನಲ್ಲಿ ಯಾವುದೋ ಹೆಂಗಸಿನ ದನಿ ಹಾಡತೊಡಗಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಯಾರದಪ್ಪಾ ಇದು ಎಂದು ಅವನೂ ಅವರಂತೆಯೇ ಅತ್ತಿತ್ತ ನೋಡಿದ. ತೊಡೆಯ ಬಳಿ ಗುಂಯ್‌ಗುಟ್ಟಿದ ಮೇಲೆಯೇ ಅದು ತನ್ನದೆಂದು ಹೊಳೆದದ್ದು.

ಸಾಮಾನಿನ ಚೀಲವನ್ನು ಕಾಲ ಸಂದಿಯಲ್ಲಿ ಒತ್ತಿ ಹಿಡಿದು ಫೋನು ಹೊರಗೆಳೆದ. ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಭಾವ’ ಎಂದಿತ್ತು. ಅವನಿಗೆ ಭಾವ ಎನ್ನುವವರು ಯಾರೂ ಇಲ್ಲ. ನಿನ್ನೆ ಸಂಜೆ ಕೂತು ನಂಬರುಗಳನ್ನೆಲ್ಲ ತುಂಬಿಸಿಕೊಟ್ಟವಳು ಹೆಂಡತಿ. ಅವಳು ಭಾವ ಎಂದು ಕರೆಯುವುದು ಅವನ ಅಣ್ಣನನ್ನು.

ಅಣ್ಣನ ಫೋನೆಂದರೆ ಎತ್ತುವ ಫೋನಲ್ಲ. ಒಂದು ರಿಂಗು ಹೊಡೆದು ನಿಲ್ಲುತ್ತದೆ. ಮನೆ ಬಿಟ್ಟೆ ಎಂದು ಅದರ ಅರ್ಥ. ಇವನು ತಿರುಗಿ ಒಂದು ರಿಂಗು ಕೊಟ್ಟರೆ, ನಾನೂ ಬಿಟ್ಟೆ ಎಂದು. ಏಳು ತಿಂಗಳಿಂದ ಅಣ್ಣತಮ್ಮಂದಿರ ನಡುವೆ ಉಳಿದಿರುವುದು ಇಷ್ಟೇ.

ಈ ಫೋನಿನಲ್ಲಿ ಒಂದು ರಿಂಗೂ ಉದ್ದದ ಹಾಡು. ನಿಲ್ಲಲಿ ಎಂದು ಗಾಜಿನ ಮೇಲೆ ಬೆರಳಿಟ್ಟ. ನಿಲ್ಲಲಿಲ್ಲ. ಒತ್ತಿದ. ಬಸ್ಸು ಕುಲುಕಿತು, ಬೆರಳು ಮೇಲಕ್ಕೆ ಜಾರಿತು. ಹಾಡು ನಿಂತಿತು. ಉಸ್ಸೆಂದು ನೋಡಿದರೆ ಗಾಜಿನ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಒಂದು, ಎರಡು, ಮೂರು.

ಎತ್ತಿಬಿಟ್ಟಿದ್ದ.

ತನಗರಿವಿಲ್ಲದೆಯೇ ಫೋನನ್ನು ಕಿವಿಗಿಟ್ಟುಕೊಂಡ. ಅತ್ತ ಕಡೆ ಒಂದು ಅಂಗಡಿಯ ಬಾಗಿಲು ಗರಗರನೆ ಮೇಲೇರಿತು. ಯಾವುದೋ ಸ್ಕೂಟರು ಹಾದುಹೋಯಿತು. ಇವೆಲ್ಲದರ ಕೆಳಗೆ, ಒಂದೇ ಸಮನೆ, ಅಣ್ಣನ ಉಸಿರು. ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಮೂಗು ಮುರಿದುಕೊಂಡ ಮೇಲೆ ಅವನ ಉಸಿರಿಗೊಂದು ಸಣ್ಣ ಸೀಟಿ ಸೇರಿಕೊಂಡಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವನಿಗೆ ಆ ಸೀಟಿ ಸಾವಿರ ಜನರ ನಡುವೆಯೂ ಗೊತ್ತಾಗುತ್ತದೆ.

ಹಲೋ ಎನ್ನಬೇಕೆ? ಏಳು ತಿಂಗಳ ಮೇಲಿನ ಮೊದಲ ಮಾತು ಹಲೋ ಆಗಬಹುದೆ? ಎತ್ತಿದ್ದು ನಾನಲ್ಲ, ಬಸ್ಸು ಕುಲುಕಿತು ಎಂದು ಹೇಳಿದರೆ ಅದೂ ಒಂದು ಮಾತಾಗುತ್ತದಲ್ಲ? ಬಾಯಿ ತೆರೆದ. ಹನ್ನೊಂದನೆಯ ಸೆಕೆಂಡಿಗೆ ಅಣ್ಣ ಕಟ್ ಮಾಡಿದ.

ಅಲ್ಲಿಂದ ಇಳಿಯುವ ನಿಲ್ದಾಣದವರೆಗೂ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಣ್ಣ ಏನೆಂದುಕೊಂಡನೋ. ತಮ್ಮ ಸೋತು ಫೋನೆತ್ತಿದ ಎಂದುಕೊಂಡನೋ, ಎತ್ತಿಯೂ ಮಾತಾಡಲಿಲ್ಲವೆಂದು ಇನ್ನಷ್ಟು ಗಟ್ಟಿಯಾದನೋ. ಒಂದು ರಿಂಗು ತಿರುಗಿ ಕೊಡೋಣವೆಂದರೆ ಗಾಜು ಕಪ್ಪಗಾಗಿತ್ತು. ಹೆಂಡತಿ ಹೇಳಿಕೊಟ್ಟಂತೆ ಚುಕ್ಕಿಗಳ ಮೇಲೆ ಗೆರೆ ಎಳೆದ. ತಪ್ಪು. ಮತ್ತೆ ಎಳೆದ. ಬ್ಯಾಟರಿ ದೀಪ ಹತ್ತಿಕೊಂಡು ಎದುರಿಗೆ ಕೂತಿದ್ದ ಮುದುಕರ ಕಣ್ಣಿಗೆ ಬಿತ್ತು.

“ಏನಪ್ಪಾ, ಕಣ್ಣು ಪರೀಕ್ಷೆ ಬಸ್ಸಲ್ಲೇ ಶುರು ಮಾಡಿದ್ಯಾ?” ಎಂದರು ಅವರು.

ಹಳೆಯ ಫೋನು ಸತ್ತಿದ್ದು ಎರಡು ದಿನದ ಹಿಂದೆ. ಅಂಗಿಯ ಜೇಬಿನಲ್ಲಿ ಮರೆತಿದ್ದನ್ನು ಹೆಂಡತಿ ನೋಡದೆ ಅಂಗಿಯ ಜೊತೆಗೇ ಒಗೆದಿದ್ದಳು. “ಜೇಬು ಖಾಲಿ ಮಾಡಿ ಹಾಕಿ ಅಂತ ಬಾಯಿ ಬಡ್ಕೊಂಡ್ರೂ ಕೇಳಲ್ಲ” ಎಂದು ಮೊದಲು ಸಿಡುಕಿ, ಆಮೇಲೆ ಕೆಡುಕೆನಿಸಿ, ತಂಗಿಯ ಹತ್ತಿರ ಸುಮ್ಮನೆ ಬಿದ್ದಿದ್ದ ಈ ದೊಡ್ಡ ಫೋನನ್ನು ತಂದುಕೊಟ್ಟಿದ್ದಳು. ಒಳಗೆಲ್ಲ ನಾದಿನಿಯದೇ ಸಂಸಾರ. ಅವಳ ಹಾಡು, ಅವಳು ಇಟ್ಟ ಗಂಟೆಗಳು, ಅವಳು ಮಾಡಿಕೊಂಡ ಏರ್ಪಾಡುಗಳು. ಇವನು ಬೇರೆಯವರ ಅಡುಗೆಮನೆಯಲ್ಲಿ ಉಪ್ಪು ಹುಡುಕುವವನಂತೆ ನಿನ್ನೆಯಿಂದ ತಡಕಾಡುತ್ತಿದ್ದ. ಹಳೆಯದರಲ್ಲಿ ಹೆಬ್ಬೆರಳಿಗೆ ಕಣ್ಣಿತ್ತು. ಜೇಬಿನೊಳಗೇ ಎರಡನೆಯ ಗುಂಡಿ ಒತ್ತಿ ಹಿಡಿದರೆ ಅಣ್ಣನಿಗೆ ಹೋಗುತ್ತಿತ್ತು. ಅದೇ ತರದ್ದು ಅಣ್ಣನ ಹತ್ತಿರ ಇನ್ನೂ ಇದೆ. ಇಬ್ಬರೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿದ್ದರು. ಈ ಗಾಜಿನಲ್ಲಿ ಬೆರಳಿಗೆ ತಡೆಯುವಂಥದ್ದು ಏನೂ ಇಲ್ಲ. ಕೆರೆಯ ನೀರಿನ ಮೇಲೆ ಬರೆದಂತೆ.

ಅಣ್ಣತಮ್ಮ ಇಬ್ಬರದೂ ಲಿಫ್ಟು ರಿಪೇರಿಯ ಕೆಲಸ. ಹಳೆಯ ಕಟ್ಟಡಗಳ ಹಳೆಯ ಲಿಫ್ಟುಗಳೇ ಇವರ ಪಾಲಿಗೆ ಬರುವುದು. ಲಿಫ್ಟು ಓಡಾಡುವ ಆಳದ ಜಾಗಕ್ಕೆ ಇವರು ಬಾವಿ ಎನ್ನುತ್ತಾರೆ. ಅಣ್ಣ ಬಾವಿಯೊಳಗೆ ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವವನು. ತಮ್ಮ ಮೇಲೆ, ತಾರಸಿಯ ಮೋಟಾರು ಕೋಣೆಯಲ್ಲಿ. ಕರೆಂಟು ತೆಗೆದ ಮೇಲೆ ಲಿಫ್ಟನ್ನು ಕೈಯಿಂದಲೇ ಏರಿಸಿ ಇಳಿಸಬೇಕು. ಎಡಗೈಯಲ್ಲಿ ಬ್ರೇಕಿನ ಹಿಡಿ ಎಳೆದು ಹಿಡಿದು, ಬಲಗೈಯಲ್ಲಿ ಮೋಟಾರಿನ ಚಕ್ರ ತಿರುಗಿಸುವುದು. ಹಿಡಿ ಎಳೆದಿದ್ದರೆ ಚಕ್ರ ಸಡಿಲ, ಬಿಟ್ಟರೆ ಲಿಫ್ಟು ನಿಂತಲ್ಲೇ ಬಿಗಿ. ಒಂದು ಸುತ್ತಿಗೆ ಲಿಫ್ಟು ಎರಡು ಬೆರಳಷ್ಟು ಏರುತ್ತದೆ. ಕೆಳಗಿನಿಂದ ಒಂದು ರಿಂಗು ಬಂದರೆ ಏರಿಸು, ಎರಡು ಬಂದರೆ ಇಳಿಸು, ಮೇಲಿಂದ ಮೇಲೆ ಹೊಡೆದರೆ ನಿಲ್ಲಿಸು. ಫೋನು ಎದೆಯ ಜೇಬಿನಲ್ಲಿ. ರಿಂಗು ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಿಳಿಯುತ್ತಿತ್ತು.

ಮೊದಲು ಇದರ ಜೊತೆಗೆ ಬಾಯಿಯೂ ಇತ್ತು. ಹಗ್ಗಗಳು ಇಳಿದುಹೋಗುವ ನೆಲದ ತೂತಿನಿಂದ ಅಣ್ಣನ ದನಿ ಮೇಲೇರಿ ಬರುತ್ತಿತ್ತು. “ಲೋ, ಮದುವೆ ಮೆರವಣಿಗೆ ಮಾಡ್ತಿದ್ದೀಯೇನೋ, ಬೇಗ ತಿರುಗ್ಸೋ!” ಎಂದು ಬೈಯುತ್ತಿದ್ದ, ಕೆಟ್ಟದಾಗಿ ಹಾಡುತ್ತಿದ್ದ. ಅಮ್ಮ ಹೋದ ಮೇಲೆ ತೂತಿನಿಂದ ಬರುವುದು ಗ್ರೀಸಿನ ವಾಸನೆ ಮಾತ್ರ.

ಅವತ್ತು ಅಮ್ಮ ಆಸ್ಪತ್ರೆಯಲ್ಲಿದ್ದಳು. ಪಕ್ಕದಲ್ಲಿ ಅಣ್ಣ. ಇವನು ಊರಾಚೆಯ ಒಂದು ಕಾರ್ಖಾನೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ಮೂರರ ಸುಮಾರಿಗೆ ಎದೆಯ ಮೇಲೆ ಒಂದು ರಿಂಗು ಬಂದು ನಿಂತಿತು. ಒಂದು ರಿಂಗೆಂದರೆ ಎಲ್ಲ ಸರಿಯಿದೆ, ಮುಂದುವರಿಸು. ಇಷ್ಟು ವರ್ಷದ ಅಭ್ಯಾಸ. ಅವನು ಮುಂದುವರಿಸಿದ. ಸಂಜೆ ಕೈ ತೊಳೆದು, ದಾರಿಯಲ್ಲಿ ಕಿತ್ತಳೆ ಕೊಂಡು, ಆರಿಸಿ ಆರಿಸಿ ಕೊಂಡು, ವಾರ್ಡಿಗೆ ಹೋದರೆ ಅಮ್ಮನ ಮಂಚಕ್ಕೆ ಹೊಸ ಬಿಳಿ ಹೊದಿಕೆ ಹಾಸಿದ್ದರು. ಅದರ ಮೇಲೆ ಒಂದು ಮಡಿಕೆಯೂ ಇರಲಿಲ್ಲ.

“ಒಂದೇ ರಿಂಗಾ?” ಎಂದು ಅವನು ಅಣ್ಣನನ್ನು ಕೇಳಿದ್ದ. ಅಣ್ಣ ಉತ್ತರ ಕೊಡಲಿಲ್ಲ. ಇವನು ಮತ್ತೆ ಕೇಳಲಿಲ್ಲ.

ಬಸ್ಸಿಳಿದು, ಇವತ್ತಿನ ಕೆಲಸವಿದ್ದ ಕಣ್ಣಾಸ್ಪತ್ರೆಯ ಕಟ್ಟಡಕ್ಕೆ ಬಂದಾಗ ಅಣ್ಣ ಆಗಲೇ ನೆಲಮಹಡಿಯ ಲಿಫ್ಟಿನ ಬಾಗಿಲಿಗೆ ಹಲಗೆ ಅಡ್ಡ ಹಾಕುತ್ತಿದ್ದ. ತಲೆ ಎತ್ತಿ ತಮ್ಮನನ್ನು ನೋಡಿದ. ದಿನಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದನೇ? ತುಟಿ ಅಲುಗಿತೇ? ಬಸ್ಸಿನ ವಿಷಯ ಈಗಲೇ ಹೇಳಿಬಿಡಲೇ ಎಂದು ಇವನು ಅಂದುಕೊಳ್ಳುವಷ್ಟರಲ್ಲಿ ಅಣ್ಣ ಸ್ಪ್ಯಾನರು ಹುಡುಕಲು ಬಗ್ಗಿದ.

ಅಷ್ಟರಲ್ಲಿ ದೊಡ್ಡ ನರ್ಸು ಬಂದರು. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಇಡೀ ಕಟ್ಟಡ ಅವರದೇ ಅನ್ನಿಸುತ್ತಿತ್ತು.

“ಮೂರನೇ ಮಹಡೀಲಿ ಆಪರೇಷನ್ ಆದೋರು ಒಂಬತ್ತು ಜನ ಇದಾರೆ. ಒಂದು ಕಣ್ಣಿಗೆ ಪಟ್ಟಿ ಕಟ್ಕೊಂಡು ಮೆಟ್ಟಿಲಿಳೀರಿ ಅಂತ ಹೆಂಗೆ ಹೇಳ್ಲಿ? ಮೂರು ಗಂಟೆಗೆ ಆಗುತ್ತಾ?”

“ಆಗುತ್ತೆ” ಎಂದ ಅಣ್ಣ ನರ್ಸಿಗೆ.

“ಆಗುತ್ತೆ” ಎಂದ ತಮ್ಮನೂ ನರ್ಸಿಗೇ.

“ಇಬ್ಬರೂ ನನಗೇ ಹೇಳ್ತೀರಲ್ಲ, ನಿಮ್ಮ ನಿಮ್ಮಲ್ಲಿ ಮಾತಾಡ್ಕೊಂಡು ಒಂದೇ ಸಲ ಹೇಳಿದ್ರೆ ನಷ್ಟವಾ?” ಎಂದು ನರ್ಸು ನಕ್ಕರು. ಇಬ್ಬರೂ ನಗಲಿಲ್ಲ.

ತಾರಸಿಗೆ ನಾಲ್ಕು ಮಹಡಿ ಹತ್ತಬೇಕಿತ್ತು. ಮೋಟಾರು ಕೋಣೆಗೆ ಒಂದು ಕಿಟಕಿ, ಅದಕ್ಕೆ ಎಣ್ಣೆ ಹಿಡಿದ ಗಾಜು. ಕರೆಂಟಿನ ದೊಡ್ಡ ಸ್ವಿಚ್ಚು ಕೆಳಗೆಳೆದು ಬೀಗ ಹಾಕಿದ. ಫೋನನ್ನು ಎದೆಯ ಜೇಬಿಗೆ ತುರುಕಿದರೆ ಅರ್ಧ ಹೊರಗೇ ಉಳಿಯಿತು. ಚಕ್ರಕ್ಕೆ ಬಗ್ಗಿದೊಡನೆ ಜಾರಿ ಬಿತ್ತು. ತೂತಿನ ಅಂಚಿನಲ್ಲಿ ಕಾಲಡ್ಡ ಇಟ್ಟು ಹಿಡಿದ. ಪ್ಯಾಂಟಿನ ಜೇಬಿಗೆ ಹಾಕಿದ. ಅಲ್ಲಿ ತೊಡೆ ತಾಗಿ ತಾನೇ ಎಚ್ಚರಗೊಂಡು ಹೆಂಡತಿಗೆ ಫೋನು ಮಾಡಿತು.

“ಏನ್ರೀ? ಹಲೋ? ಏನ್ರೀ?” ಎಂದು ಪ್ಯಾಂಟು ಕೂಗಿತು.

“ನಾನಲ್ಲ ಕಣೇ, ಅದೇ ಮಾಡಿದ್ದು.”

“ಅದೇ ಮಾಡಿದ್ದು ಅಂದ್ರೆ? ಭಾವನ ಜೊತೆ ಏನಾದ್ರೂ ಮಾತಾಡಿದ್ರಾ?”

“ಕೆಲಸ ಇದೆ” ಎಂದು ಗಾಜನ್ನು ಐದಾರು ಕಡೆ ಒತ್ತಿದ ಮೇಲೆ ಅವಳ ದನಿ ನಿಂತಿತು.

ಕೊನೆಗೆ ಮೋಟಾರಿನ ಪಕ್ಕದ ಕಬ್ಬಿಣದ ಪೆಟ್ಟಿಗೆಯ ಮೇಲೆ ಒಂದು ಬಟ್ಟೆ ಮಡಿಸಿ ಹಾಸಿ, ಅದರ ಮೇಲೆ ಫೋನಿಟ್ಟ. ಮೇಲಿನಿಂದ ಕಬ್ಬಿಣದ ಪುಡಿ ಉದುರುವ ಜಾಗ. ಮೊದಲ ಒಂದೆರಡು ರಿಂಗಿನವರೆಗೆ ಅದನ್ನು ಕಣ್ಣೆದುರೇ ಇಟ್ಟುಕೊಂಡಿದ್ದವನು, ನಾದಿನಿಯ ವಸ್ತು, ಗಾಜಿಗೆ ಗೀರು ಬೀಳಬಾರದೆಂದು ಆಮೇಲೆ ಬೋರಲು ಮಲಗಿಸಿದ. ರಿಂಗು ಬಂದರೆ ಹೇಗೂ ಆ ಹೆಂಗಸು ಹಾಡುತ್ತಾಳಲ್ಲ. ಬೋರಲಿಟ್ಟರೆ ಬಾಯಿ ಮುಚ್ಚಿಕೊಳ್ಳಬೇಕು ಎಂದು ನಾದಿನಿ ಅದಕ್ಕೆ ಕಲಿಸಿಟ್ಟಿದ್ದಳು. ಆಫೀಸಿನ ಮೀಟಿಂಗುಗಳಿಗೆ ಅವಳಿಗೆ ಅದು ಬೇಕಿತ್ತು. ಇವನಿಗೆ ಹೇಳಿದವರು ಯಾರು?

ಅಣ್ಣ ಕೆಳಗೆ, ಮೂರನೆಯ ಮಹಡಿಯ ಬಳಿ ನಿಂತಿದ್ದ ಲಿಫ್ಟಿನ ನೆತ್ತಿಯ ಮೇಲೆ, ಶೂ ಬದಲಿಸುತ್ತಿದ್ದ. ಗೋಡೆಯುದ್ದಕ್ಕೂ ನಿಂತ ಕಬ್ಬಿಣದ ಹಳಿಯನ್ನು ಕಚ್ಚಿಕೊಂಡು ಜಾರುವ ತುಂಡಿಗೆ ಇವರು ಶೂ ಎನ್ನುತ್ತಾರೆ. ಅದು ಹಳಿಯ ಮೇಲೆ ಕೂರುವ ಜಾಗ ಸರಿಯಾಗಿದೆಯೇ ಎಂದು ಏರಿಸಿ ಏರಿಸಿ, ಬೆರಳಾಡಿಸಿ ನೋಡಬೇಕು. ಕೊನೆಯದಾಗಿ ಒಂದು ರಿಂಗು ಬಂದಿತ್ತು: ಏರಿಸು. ಫೋನು ಬೋರಲು ಬಿದ್ದದ್ದು ಅದಾದ ಮೇಲೆ.

ಅವನು ಬ್ರೇಕು ಎಳೆದು ಹಿಡಿದು ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು. ಮನಸ್ಸು ಬಸ್ಸಿನಲ್ಲೇ ಇತ್ತು. ಹನ್ನೊಂದು ಸೆಕೆಂಡು ಅಣ್ಣನೂ ಸುಮ್ಮನಿದ್ದನಲ್ಲ, ಯಾಕೆ? ತಪ್ಪಿ ಎತ್ತಿದ್ದು ಅನ್ನಿಸಿದ್ದರೆ ಕೂಡಲೇ ಕಟ್ ಮಾಡಬೇಕಿತ್ತು. ಹನ್ನೊಂದು ಸೆಕೆಂಡು ಏನು ಕಾದ? ಮೂರು ಸುತ್ತು, ನಾಲ್ಕು. ಚಕ್ರ ತುಸು ಭಾರವಾಯಿತು. ಹಳೆಯ ಯಂತ್ರ, ಹೀಗೆ ಒಮ್ಮೊಮ್ಮೆ ಮೊಂಡು ಹಿಡಿಯುತ್ತದೆ. ಹಲ್ಲು ಕಚ್ಚಿ ಅರ್ಧ ಸುತ್ತು ಎಳೆದ.

ಆಮೇಲೆ ನಿಂತ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ನಾಲ್ಕೂವರೆ ಸುತ್ತು ಎಂದೂ ತಿರುಗಿಸಿದ್ದಿಲ್ಲ; ಎರಡು ಮೂರಕ್ಕೆಲ್ಲ ಅಣ್ಣ ನಿಲ್ಲಿಸಿಬಿಡುತ್ತಿದ್ದ. ಕೋಣೆಯಲ್ಲಿ ಸದ್ದಿರಲಿಲ್ಲ. ಅದು ದಿನದ ಮೌನದ ಹಾಗಿರಲಿಲ್ಲ.

ಬ್ರೇಕು ಬಿಟ್ಟು ಫೋನನ್ನು ತಿರುವಿದ. ಗಾಜಿನ ಮೇಲೆ ‘ಭಾವ’, ಅದರ ಪಕ್ಕದಲ್ಲಿ ನಾಲ್ಕು. ನಾಲ್ಕು ಸಲ ಹೊಡೆದಿದ್ದಾನೆ. ನೋಡುತ್ತಿದ್ದ ಹಾಗೆಯೇ ಐದನೆಯದು ಬಂದು, ಇವನು ಬೆರಳಿಡುವ ಮೊದಲೇ ನಿಂತಿತು.

ತಿರುಗಿ ಮಾಡಬೇಕೆಂದು ಹೆಸರಿನ ಮೇಲೆ ಒತ್ತಿದರೆ ಬೆರಳ ಗುರುತು ಕೇಳಿತು. ಹೆಬ್ಬೆರಳಿಟ್ಟ. ಗುರುತು ಸಿಗಲಿಲ್ಲವೆಂದಿತು. ಬೆರಳ ತುಂಬ ಗ್ರೀಸು. ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟ. ಚುಕ್ಕಿಗಳು ಬಂದವು. ಗೆರೆ ಎಳೆದ, ಜಿಡ್ಡಿಗೆ ಜಾರಿತು. ಮತ್ತೆ ಎಳೆದ. ಮತ್ತೆ. ‘ಮೂವತ್ತು ಸೆಕೆಂಡುಗಳ ನಂತರ ಪ್ರಯತ್ನಿಸಿ’ ಎಂದು ಅದು ವಿನಯವಾಗಿ ಹೇಳಿ, ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂದು ಎಣಿಸತೊಡಗಿತು.

ಅವನು ಫೋನು ಎಸೆದು ನೆಲದ ಮೇಲೆ ಉದ್ದಕ್ಕೆ ಬಿದ್ದು, ಹಗ್ಗದ ತೂತಿಗೆ ಬಾಯಿಟ್ಟ.

“ಅಣ್ಣಾ!”

ದನಿ ಬಾವಿಯ ಗೋಡೆಗೆ ಬಡಿದು ಬಡಿದು ಇಳಿಯಿತು. ಕೆಳಗಿನಿಂದ ಏನೂ ಬರಲಿಲ್ಲ.

“ಅಣ್ಣಾ! ಏನಾಯ್ತೋ? ಮಾತಾಡೋ!”

“ಇಳಿಸು.” ದನಿ ಸಣ್ಣಗಿತ್ತು, ಹಲ್ಲಿನ ನಡುವಿಂದ ಬಂದ ಹಾಗೆ. “ಕೈ ಸಿಕ್ಕಿದೆ. ಒಂದು ಸುತ್ತು ಹಿಂದಕ್ಕೆ ತಿರುಗ್ಸು. ನಿಧಾನ.”

ಅವನು ಚಕ್ರಕ್ಕೆ ಹಾರಿದ. ಕಾಲು ಸುತ್ತು ತಿರುಗಿಸಿ, “ಆಯ್ತಾ?” ಎಂದು ಕೂಗಿದ.

“ಇನ್ನೂ.”

“ಈಗ?”

“ಇನ್ನೊಂಚೂರು. ಸಾಕು! ಸಾಕು, ಬಿಡು.”

ಮೆಟ್ಟಿಲುಗಳನ್ನು ಅವನು ಇಳಿಯಲಿಲ್ಲ, ಬಿದ್ದ ಎನ್ನಬೇಕು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದುಕೊಂಡು ಅಣ್ಣ ಹೊರಗೆ ಬರುತ್ತಿದ್ದ. ಎಡಗೈಯ ಕೈಗವಸು ಹರಿದಿತ್ತು. ಹಳಿಯನ್ನು ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿಗೂ ಲಿಫ್ಟಿಗೂ ನಡುವೆ ಅದು ಸಿಕ್ಕಿಕೊಂಡಿತ್ತು. ಒಳಗಿನ ಎರಡು ಬೆರಳು ಊದಿ, ಒಂದರ ಉಗುರು ಕಪ್ಪಾಗಿತ್ತು. ಇನ್ನರ್ಧ ಸುತ್ತು ತಿರುಗಿದ್ದರೆ ಆ ಬೆರಳುಗಳು ಇರುತ್ತಿರಲಿಲ್ಲ. ಇಬ್ಬರಿಗೂ ಆ ಲೆಕ್ಕ ಗೊತ್ತಿತ್ತು.

ದೊಡ್ಡ ನರ್ಸು ಬಂದು ಬೆರಳು ಮಡಿಸಿ ಬಿಡಿಸಿ ನೋಡಿದರು. “ಮೂಳೆ ಮುರಿದಿಲ್ಲ. ಕಣ್ಣಾಸ್ಪತ್ರೆಗೆ ಬಂದು ಬೆರಳಿಗೆ ಪಟ್ಟಿ ಹಾಕಿಸ್ಕೊಂಡ ಮೊದಲನೇ ಗಂಡಸು ನೀವೇ” ಎಂದು ಬಿಗಿಯಾಗಿ ಸುತ್ತಿ ಹೋದರು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

“ಫೋನು ಬೋರಲಿಟ್ಟಿದ್ದೆ” ಎಂದ ತಮ್ಮ. “ಹಾಗಿಟ್ರೆ ಸದ್ದು ಮಾಡಲ್ಲ ಅಂತ ಗೊತ್ತಿರ್ಲಿಲ್ಲ. ಹಳೇದು ಒಗೆದು ಹೋಯ್ತು. ಇದು ನನ್ನ ನಾದಿನೀದು. ಬೆಳಿಗ್ಗೆ ಎತ್ತಿದ್ದೂ ನಾನಲ್ಲ, ಅದೂ... ಬಸ್ಸು ಕುಲುಕ್ತು.”

“ಓ” ಎಂದ ಅಣ್ಣ. “ನೀನೇ ಎತ್ತಿದೆ ಅಂದ್ಕೊಂಡೆ” ಎಂದ. ಇವನಿಗೆ ಆ ಮಾತು ಬೆರಳಿಗಿಂತ ಹೆಚ್ಚು ನೋವಿನದಾಗಿ ಕೇಳಿಸಿತು.

“ಕೂಗಬಹುದಿತ್ತಲ್ಲಣ್ಣ. ಕೈ ಸಿಕ್ಕಿಕೊಂಡಾಗಲೂ ರಿಂಗೇ ಹೊಡೀತಿದ್ಯಲ್ಲ. ಐದು ಸಲ!”

ಅಣ್ಣ ಪಟ್ಟಿ ಕಟ್ಟಿದ ಬೆರಳುಗಳನ್ನು ಯಾರದೋ ಬೆರಳೆಂಬಂತೆ ನೋಡುತ್ತ ಕೂತಿದ್ದ. ಮೂಗಿನ ಸೀಟಿ ಕೇಳುತ್ತಿತ್ತು.

“ಕೂಗಬಹುದಿತ್ತು” ಎಂದ. “ಬಾಯಿಗೆ ಬಂದಿತ್ತು. ಕೂಗಿದ್ರೂ ನೀನು ಬೇಕಂತ ಕೇಳಿಸ್ಕೊಳ್ದೇ ಇದ್ರೆ ಅನ್ನಿಸ್ತು.”

“ನಿನ್ನ ಕೈ ಹೋದ್ರೂ?”

“ಅಷ್ಟೆಲ್ಲ ಯೋಚನೆ ಮಾಡೋಕಾಗುತ್ತೇನೋ ಆಗ.” ಅಣ್ಣ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದ. “ಅವತ್ತೂ ಹಾಗೇ. ಡಾಕ್ಟ್ರು ಹೇಳಿ ಹೋದ್ರು. ನಿನಗೆ ಮಾಡ್ದೆ. ಒಂದು ರಿಂಗಾಯ್ತು. ನೀನು ಎತ್ತಿದ್ರೆ ಏನಂತ ಹೇಳೋದು ಅಂತ ಕಟ್ ಮಾಡ್ದೆ. ಒಂದು ರಿಂಗು ಅಂದ್ರೆ ನಿನಗೇನು ಅರ್ಥ ಆಗುತ್ತೆ ಅಂತ ಆಮೇಲೆ ಹೊಳೀತು. ಮತ್ತೆ ಮಾಡೋಕೆ ಕೈಯೇ ಬರ್ಲಿಲ್ಲ. ಅಮ್ಮನ ಪಕ್ಕದಲ್ಲಿ ಫೋನು ಹಿಡ್ಕೊಂಡು ಕೂತೇ ಇದ್ದೆ.”

ಏಳು ತಿಂಗಳು ತಮ್ಮ ಆ ಒಂದು ರಿಂಗನ್ನು ಅಣ್ಣನ ತಲೆಗೆ ಕಟ್ಟಿ ತಿರುಗಿದ್ದ. ಆ ರಿಂಗಿನ ಬೆನ್ನಿಗೇ ಬಂದ ಒಂದು ಗಳಿಗೆಯನ್ನು ಹೆಂಡತಿಗೂ ಹೇಳಿರಲಿಲ್ಲ. ಅವತ್ತು ಆ ರಿಂಗು ಬಂದಾಗ, ಇಷ್ಟು ಹೊತ್ತಿನಲ್ಲಿ ಯಾಕೆ ಎಂದು ಅವನಿಗೆ ಅನ್ನಿಸಿತ್ತು. ಖಂಡಿತ ಅನ್ನಿಸಿತ್ತು. ಕೈ ಜೇಬಿನವರೆಗೂ ಹೋಗಿತ್ತು. ಎರಡು ಬೋಲ್ಟು ಉಳಿದಿವೆ, ಮುಗಿಸಿ ಮಾಡೋಣ ಎಂದು ಕೈಯನ್ನು ಹಿಂದಕ್ಕೆ ತೆಗೆದಿದ್ದ. ಮುಗಿಸಿದ ಮೇಲೆ ಮಾಡಲಿಲ್ಲ. ಯಾಕೆ ಮಾಡಲಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾಡಿದರೆ ಏನು ಕೇಳಬೇಕಾಗುತ್ತದೋ ಎಂಬ ಭಯ.

“ನಾನೂ ತಿರುಗಿ ಮಾಡಬಹುದಿತ್ತು” ಎಂದ, ಮೆಟ್ಟಿಲಿಗೆ ಹೇಳುವವನಂತೆ. “ಮಾಡೋಣ ಅಂತ ಅನ್ನಿಸಿತ್ತು. ಮಾಡ್ಲಿಲ್ಲ.”

ಅಣ್ಣ ತಿರುಗಿ ನೋಡಿದ. ಏನೋ ಹೇಳುತ್ತಾನೆಂದು ಇವನು ಕಾದ. ಅಣ್ಣ ಎದ್ದು, ಬಲಗೈಯಲ್ಲಿ ಇವನ ತಲೆಗೆ ಒಂದು ಮೊಟಕಿದ. ಬಲವಾಗಿಯೇ. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಹೇಳಿಕೊಳ್ಳಬಹುದಾದಷ್ಟು ಬಲವಾಗಿ.

“ಏಳು. ಒಂಬತ್ತು ಜನ ಒಂದೊಂದು ಕಣ್ಣಲ್ಲಿ ಬಾಗಿಲು ನೋಡ್ತಾ ಕೂತಿದ್ದಾರೆ. ಶೂ ಕೂರಿಸೋದು ಬಾಕಿ ಇದೆ.”

“ನಾನು ಕೆಳಗಿಳೀತೀನಿ, ನೀನು ಮೇಲಿರು.”

“ಈ ಕೈಯಲ್ಲಿ ಚಕ್ರ ತಿರುಗ್ಸೋದು ಯಾರು, ನಿನ್ನ ನಾದಿನೀನಾ? ಹೋಗು ಮೇಲೆ. ಫೋನ್ ಮಾಡ್ತೀನಿ, ಈ ಸಲ ಎತ್ತು, ಎತ್ತಿ ಹಾಗೇ ಇಟ್ಕೋ. ರಿಂಗೂ ಬೇಡ ಗಿಂಗೂ ಬೇಡ.”

ಮೇಲೆ ಹೋಗಿ ಕೈಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದುಕೊಂಡ. ಫೋನು ಬಂತು. ಬಾಗಿಲ ಹೊರಗೆ ನಿಂತು, ಗಾಜಿನ ಮೇಲೆ ಬೆರಳನ್ನು ಎರಡು ಬಾರಿ ಅಡ್ಡಕ್ಕೆಳೆದು, ಮೂರನೆಯ ಬಾರಿ ಮೇಲಕ್ಕೆಳೆದು ಎತ್ತಿದ. ಭುಜ ಎತ್ತಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಚಕ್ರದ ಮುಂದೆ ನಿಂತ.

“ಏರಿಸು” ಎಂದಿತು ಕಿವಿಯೊಳಗೆ ಅಣ್ಣನ ದನಿ. “ಸಾಕು. ಇನ್ನು ಅರ್ಧ...”

ಅಲ್ಲಿಗೆ ನಿಂತುಹೋಯಿತು. ಅವನು ಚಕ್ರವನ್ನು ಅಲ್ಲೇ ಹಿಡಿದ.

“ಲೋ! ಯಾಕೋ ಕಟ್ ಮಾಡ್ದೆ?” ಈಗ ದನಿ ತೂತಿನಿಂದಲೇ ಬಂತು, ನಾಲ್ಕು ಮಹಡಿಯೂ ಕೇಳುವಂತೆ.

“ನಾನಲ್ಲಣ್ಣ, ಕೆನ್ನೆ! ಕೆನ್ನೆ ತಾಗಿ ಕಟ್ ಆಯ್ತು!”

“ಕೆನ್ನೇನೂ ನಿಂದೇ ಅಲ್ವೇನೋ! ಆಚೆ ಇಡೋ ಅದನ್ನ. ಬಾಯಲ್ಲೇ ಹೇಳ್ತೀನಿ. ಹ್ಞಾಂ, ಅರ್ಧ ಸುತ್ತು. ಅರ್ಧ ಅಂದ್ರೆ ಅರ್ಧ, ನಿನ್ನ ಹಾಗೆ ಮುಕ್ಕಾಲಲ್ಲ. ಸಾಕು. ತಾಳು, ಬೆರಳು ತೆಗೀತೀನಿ. ತೆಗೆದೆ. ಈಗ ಏರಿಸು.”

ಅವನು ತಿರುಗಿಸಿದ. ಅಣ್ಣ ಹೇಳುತ್ತಲೇ ಹೋದ, ಹೇಳಬೇಕಾದ್ದನ್ನೂ ಬೇಡವಾದ್ದನ್ನೂ: ಹಳಿಗೆ ಎಣ್ಣೆ ಕಾಣದೆ ಎಷ್ಟು ವರ್ಷವಾಯಿತೋ, ಹಿಂದೆ ಕೆಲಸ ಮಾಡಿದವನು ಯಾವ ಕುರುಡನೋ, ಕಣ್ಣಾಸ್ಪತ್ರೆಯವರು ಅವನಿಗೂ ಒಂದು ಆಪರೇಷನ್ ಮಾಡಬೇಕಿತ್ತು. ತಮ್ಮನಿಗೆ ಆ ಮಾತುಗಳಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಮೈಯೆಲ್ಲ ಕಿವಿಯಾಗಿ ನಿಂತಿದ್ದ.

ನಡುವೆ ಒಮ್ಮೆ ಅಣ್ಣ ಸುಮ್ಮನಾದ. ಇವನು ಥಟ್ಟನೆ ಬ್ರೇಕು ಬಿಟ್ಟ.

“ಅಣ್ಣಾ? ಇದ್ದೀಯಾ?”

“ಇದ್ದೀನೋ! ಉಗುಳು ನುಂಗೋಕೂ ಬಿಡಲ್ವಾ? ತಿರುಗ್ಸು.”

ಅವನು ಮತ್ತೆ ಬ್ರೇಕು ಎಳೆದ.